ಟವೆಲ್ ಕೆಳಗಿನ ದರ

ತಂಬಾಕು ಕೊಯ್ಯುವ ದಿನಗಳಲ್ಲಿ ಪಕ್ಕದ ಮನೆಯ ಕಾಕಾ ತಮ್ಮ ಕೈಯಿಂದ ಊಟ ಮಾಡುತ್ತಿರಲಿಲ್ಲ. ಎಲೆಯ ಅಂಟು ಬೆರಳುಗಳಿಗೆ ಡಾಂಬರಿನಂತೆ ಹಿಡಿದಿರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಮುಟ್ಟಿದ ರೊಟ್ಟಿ ಕಹಿ. ಕಾಕಿಯೇ ತುತ್ತು ಮುರಿದು ಬಾಯಿಗಿಡುತ್ತಿದ್ದರು. ನೋಡಿದವರು ನಕ್ಕರೆ ಕಾಕಿ, "ಮದಿವ್ಯಾಗ ಉಣಿಸಿದ್ದು ಸಾಲವಲ್ದು ಇವರಿಗೆ" ಎನ್ನುತ್ತಿದ್ದರು.

ಮಸ್ಕಿ ಹತ್ತಿರದ ನಮ್ಮೂರಿಗೆ ಕಾಲುವೆ ನೀರು ಬಂದಿಲ್ಲ. ಕಾಕಾ ಅವರ ತುಂಡು ಹೊಲ ಕುರಿ ಹಿಂಡುಗಳು ಓಡಾಡುವ ದಾರಿಗೆ ಅಂಟಿಕೊಂಡಿತ್ತು. ತೊಗರಿ, ಶೇಂಗಾ ಏನು ಹಾಕಿದರೂ ಕುರಿಯ ಪಾಲು. ತಂಬಾಕು ಬಿಟ್ಟು ಬೇರೆ ಬೆಳೆ ನೋಡಬಾರದೇ ಎಂದು ಒಮ್ಮೆ ಕೇಳಿದ್ದೆ.

"ಕುರಿ ಮುಟ್ಟದ ಬೆಳಿ ಇದೊಂದಾ ನೋಡಪಾ. ಇದನ್ನ ತಿನ್ನೋ ಪ್ರಾಣಿ ಮನಷಾ ಒಬ್ನಾ."

ಕೊಳ್ಳುವ ಮನುಷ್ಯನೂ ಒಬ್ಬನೇ. ಊರಿನ ನಾಲ್ಕಾರು ಮನೆಗಳ ತಂಬಾಕಿಗೆ ಹೊರಗಿನಿಂದ ಒಬ್ಬ ವ್ಯಾಪಾರಿ ಲಾರಿ ತರುತ್ತಿದ್ದ. ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು, ಟವೆಲ್ ಕೆಳಗೆ ಅವರ ಬೆರಳು ಹಿಡಿದು ದರ ತಿಳಿಸುತ್ತಿದ್ದ. ಎಷ್ಟು ಬೆರಳಿಗೆ ಎಷ್ಟು ದರ ಎಂಬುದು ಎಲ್ಲರಿಗೂ ಗೊತ್ತು. ಯಾರಿಗೆ ಎಷ್ಟು ಹಿಡಿದ ಎಂಬುದು ಯಾರಿಗೂ ಗೊತ್ತಿಲ್ಲ. ಹೊರಗೆ ಬಾಯಿಬಿಟ್ಟವನ ಮಾಲನ್ನು ಮರುವರ್ಷ ಅವನು ಮುಟ್ಟುತ್ತಿರಲಿಲ್ಲ.

ಒಂದು ವರ್ಷ ಕಾಕಾ ಟವೆಲ್ಲಿನಿಂದ ಕೈ ಎಳೆದುಕೊಂಡರು. "ಬಾಯಿಲೇ ಹೇಳ್ರಿ. ಎಲ್ಲಾರೂ ಕೇಳ್ಲಿ."

"ಹಂಗಾರ ಮಾಲು ನೀನಾ ಇಟ್ಕೋ" ಎಂದು ವ್ಯಾಪಾರಿ ಎದ್ದುಹೋದ.

ಕಾಕಾ ಟೆಂಪೊ ಮಾಡಿಕೊಂಡು ಲಿಂಗಸುಗೂರಿಗೆ ಹೋದರು. ಅಲ್ಲಿ ಕೇಳುವವರಿರಲಿಲ್ಲ. ಅಲ್ಲಿಂದ ಸಿಂಧನೂರಿನ ಗಂಜ್ ಮಾರುಕಟ್ಟೆಗೆ. ನಾನೂ ಜೊತೆಗಿದ್ದೆ. ಅಡತಿ ಅಂಗಡಿಯವನು ಎಲೆಯ ಕಟ್ಟು ಬಿಚ್ಚಿ ಮೂಸಿ, ಸೀನಿ, "ಯಜಮಾನ, ಇದು ನೆಲ್ಲಿನ ಪ್ಯಾಟಿ. ಇದಕ್ಕ ಯಾರು ಸವಾಲ್ ಕೂಗ್ತಾರ?" ಎಂದ. ಬೆಳಗಿನ ಇಬ್ಬನಿಗೆ ಮೆತ್ತಗಿರುವ ಎಲೆ ಮಧ್ಯಾಹ್ನದ ಬಿಸಿಲಿಗೆ ಹಪ್ಪಳ. ವಾಪಸು ಬರುವಷ್ಟರಲ್ಲಿ ಟೆಂಪೊದ ಕುಲುಕಾಟಕ್ಕೆ ಅರ್ಧ ಮಾಲು ಪುಡಿಯಾಗಿತ್ತು. ವಾರದ ಮೇಲೆ ವ್ಯಾಪಾರಿ ಬಂದಾಗ ಕಾಕಾ ತಾವಾಗಿಯೇ ಟವೆಲ್ ಕೆಳಗೆ ಕೈ ಇಟ್ಟರು.

ಆ ಸಂಜೆ ದರವನ್ನು ನನಗೆ ಹೇಳಿದರು. ಆಗಾಗ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ನಾನು, ಇದನ್ನೂ ಬರೆಯುತ್ತೇನೆ ಎಂದೆ.

"ಬ್ಯಾಡೋ ತಮ್ಮಾ. ಪೇಪರ್‌ನ್ಯಾಗ ಬಂದ್ರ ಅವ ಬರಂಗಿಲ್ಲ. ಅವ ಬರ್ಲಿಲ್ಲಂದ್ರ ಊರ ಮಾಲು ಯಾರು ಕೊಳ್ತಾರ? ನೀ ಕೊಳ್ತೀ?"

ನಾನು ಬರೆಯಲಿಲ್ಲ.

ಹೋದ ವರ್ಷ, ಬೆಳೆ ಹೊಲದಲ್ಲಿರುವಾಗಲೇ ಕಾಕಾ ತೀರಿಕೊಂಡರು. ಕೊಯ್ದು ಒಣಗಿಸಿದ್ದು ಕಾಕಿ. ವ್ಯಾಪಾರಿ ಬಂದ ದಿನ ಎಲ್ಲರದೂ ಮುಗಿದ ಮೇಲೆ ಕಟ್ಟೆ ಹತ್ತಿ ಅವನ ಮುಂದೆ ಕೈ ಚಾಚಿದರು. ಅವನು ಟವೆಲ್ ಹಿಂದಕ್ಕೆಳೆದುಕೊಂಡ. ಹೆಣ್ಣುಮಗಳ ಬೆರಳು ಹಿಡಿದು ದರ ಹೇಳುವ ಪದ್ಧತಿ ಅವನಿಗೂ ಇಲ್ಲ, ಊರಿಗೂ ಇಲ್ಲ.

"ಗಂಡಸರು ಯಾರನ್ನರ ಕಳಸಬೇ."

"ಇದ್ದವ್ರು ಹೋದ್ರು. ಹಿಡೀರಿ, ಇಲ್ಲಾ ಬಾಯಿಲೇ ಹೇಳ್ರಿ."

ಸುತ್ತಲಿದ್ದವರು ನಕ್ಕರು. ಅವನು ತಗ್ಗಿದ ದನಿಯಲ್ಲಿ ಏನೋ ಹೇಳಿದ.

"ಗಟ್ಟ್ಯಾಗಿ ಹೇಳ್ರಿ ಸಾವಕಾರ್ರ, ನನಗ ಕಿವಿ ಮಂದ."

ಕಾಕಿಯ ಕಿವಿ ಚುರುಕಾಗಿಯೇ ಇದೆ. ಅವನು ಜೋರಾಗಿ ಹೇಳಿದ. ಆಗಲೇ ಮಾರಿ ಮುಗಿಸಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. "ನನಗ ಒಂದು ಬೆರಳು ಕಮ್ಮಿ ಹಿಡ್ದಾನಲ್ಲೋ" ಎಂದು ಒಬ್ಬ ಪಿಸುಗುಟ್ಟಿದ. ಆದರೆ ಲಾರಿಗೇರಿದ ಮಾಲನ್ನು ಯಾರೂ ಇಳಿಸಲಿಲ್ಲ.

ಇಡೀ ಊರು ಕೇಳಿದ ದರ, ಇನ್ನು ಗುಟ್ಟೇನೂ ಅಲ್ಲ. ನಾನು ಪೆನ್ನು ತೆಗೆದೆ. ಕಾಕಿ ಹತ್ತಿರ ಬಂದು ನನ್ನ ಕೈ ಹಿಡಿದರು.

"ತಡಿ ತಮ್ಮಾ. ಮುಂದಿನ ವರ್ಷಾನೂ ಅವನಾ ಬರಬೇಕು."