ಬಲವಂತ ಮಾಡದವರ ಮುಂದೆ

ನಮ್ಮ ಯಸಳೂರು ಕಡೆ ಊಟಕ್ಕೆ ಕರೆದವರು "ಇನ್ನೊಂದು ಕಡುಬು ಹಾಕ್ಲಾ?" ಅಂದರೆ ಮೊದಲು "ಬೇಡ" ಅನ್ನಬೇಕು. ಹೊಟ್ಟೆ ತಾಳ ಹಾಕುತ್ತಿದ್ದರೂ ಅನ್ನಬೇಕು. ಅವರು ಬಲವಂತ ಮಾಡಬೇಕು, ನಾವು ಎಲೆಗೆ ಕೈ ಅಡ್ಡ ಹಿಡಿಯಬೇಕು, ಅವರು ಬೆರಳ ಸಂದಿಯಲ್ಲೇ ಬಡಿಸಿಬಿಡಬೇಕು. ಕೇಳಿದ ಕೂಡಲೇ "ಹಾಕಿ" ಅಂದವರ ಬಗ್ಗೆ ಕೈ ತೊಳೆಯುವಷ್ಟರಲ್ಲಿ ಮಾತು ಹುಟ್ಟಿರುತ್ತದೆ. ದೇವರಿಗೂ ಹದಿನಾರು ಉಪಚಾರ ಹೇಳಿದ್ದಾರಲ್ಲ. ಅಲ್ಲೂ ಒಂದನ್ನು ಮಾಡಿ ಕೈಬಿಡುವ ಪದ್ಧತಿಯಿಲ್ಲ.

ಈ ಮರ್ಯಾದೆಯನ್ನು ನಾನು ಇಂಟರ್‌ವ್ಯೂಗೂ ಹೊತ್ತುಕೊಂಡು ಹೋದೆ ನೋಡಿ.

ನನ್ನದು ಒಂದು ದೊಡ್ಡ ಕಂಪನಿಯಲ್ಲಿ ಕೆಲಸ. ಸರ್ವರ್‌ಗಳು ಕೈಕೊಟ್ಟಾಗ ಕಾರಣ ಹುಡುಕಿ ಸರಿಮಾಡುವುದು. ಗಂಡ ಕಾಫಿ ತೋಟ ನೋಡಿಕೊಳ್ಳುತ್ತಾರೆ, ಮಹಡಿಯ ಕೋಣೆ ನನ್ನ ಆಫೀಸು. ಈ ವರ್ಷ ಕಂಪನಿಗೆ ಏನು ಹೊಳೆಯಿತೋ, ಎಲ್ಲರೂ ಬೆಂಗಳೂರಿಗೆ ಬಂದು ಕೂರಿ ಎಂದಿತು. ಮನೆಯಿಂದಲೇ ಮಾಡಬಹುದಾದದ್ದು ಬೇರೊಂದು ತಂಡದ ಒಂದೇ ಹುದ್ದೆ. ಅದಕ್ಕೆ ಎರಡು ಸುತ್ತು ಇಂಟರ್‌ವ್ಯೂ. ಸಿಕ್ಕರೆ ಇಲ್ಲೇ, ಇಲ್ಲದಿದ್ದರೆ ವಾರವಿಡೀ ಪೀಜಿಯಲ್ಲಿದ್ದು ಶನಿವಾರ ಬಸ್ಸು ಹತ್ತಿ ಬರಬೇಕು.

ಅತ್ತೆಗೆ ಹೇಳಿದೆ. "ನಿಂಗೆ ಹೆಂಗೆ ಅನುಕೂಲವೋ ಹಂಗೆ ಮಾಡಮ್ಮ" ಅಂದವರೇ ಮತ್ತೆ ಕಾಳುಮೆಣಸು ಆರಿಸತೊಡಗಿದರು.

ಮೊದಲ ಸುತ್ತಿನಲ್ಲಿ ಲ್ಯಾಪ್‌ಟಾಪಿನೊಳಗಿನ ಮಹಾಶಯರು, "ಇಡೀ ಸಿಸ್ಟಮ್ಮೇ ಕುಸಿದರೆ ಒಬ್ಬರೇ ನಿಭಾಯಿಸುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ವರ್ಷಗಟ್ಟಲೆ ಅದನ್ನೇ ಮಾಡಿದವಳು ನಾನು. ಆದರೂ "ಏನೋ ಅಲ್ಪಸ್ವಲ್ಪ" ಅನ್ನುವುದನ್ನೇ ಇಂಗ್ಲಿಷಿಗೆ ಇಳಿಸಿ ಹೇಳಿ, ಇನ್ನು ಬಲವಂತ ಮಾಡುತ್ತಾರೆಂದು ಕಾದೆ. ಅವರು ಏನೋ ಟೈಪ್ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋಗಿಯೇಬಿಟ್ಟರು!

ಕೆಳಗೆ ಬಂದು ಹೇಳಿದರೆ ಅತ್ತೆಗೆ ಕೆಂಡದಂಥ ಸಿಟ್ಟು.

"ಒಂದ್ಸಲ ಕೇಳಿ ಬಿಟ್ಬುಟ್ರಾ? ಎಂಥ ಜನ ಕಣೇ ಅವ್ರು! ಮನೇಲಿ ಹೇಳಿಕೊಟ್ಟೋರು ಯಾರೂ ಇಲ್ವಾ?"

"ಅವ್ರ ಪದ್ಧತಿನೇ ಹಂಗೆ ಅತ್ತೆ."

"ಹಂಗಾದ್ರೆ ನೀನೂ ನಾಚ್ಕೆ ಬಿಡು. ಬರುತ್ತೆ ಅಂತ ಹೇಳ್ಬುಡು, ಆಗೋದಾಗ್ಲಿ."

ಬಲವಂತ ಮಾಡಿ ಬಡಿಸುವುದರಲ್ಲಿ ಇಡೀ ಹೋಬಳಿಗೇ ಹೆಸರಾದ ಹೆಂಗಸು ಹೇಳಿದ ಮಾತಿದು.

ನನ್ನ ಪುಣ್ಯಕ್ಕೆ ಎರಡನೇ ಸುತ್ತಿಗೆ ಕರೆದರು. ಈ ಸಲ ಒಬ್ಬಾಕೆ, ಅದೇ ಪ್ರಶ್ನೆ. "ಬರುತ್ತೆ. ಚೆನ್ನಾಗೇ ಬರುತ್ತೆ" ಎಂದೆ. ಪಾತ್ರೆಗೆ ನಾನೇ ಕೈಹಾಕಿ ಬಡಿಸಿಕೊಂಡಂತಾಗಿ ಕಿವಿಯೆಲ್ಲ ಬಿಸಿಯಾಯಿತು. ಆಕೆ "ಹೇಗೆ, ಹೇಳಿ" ಅಂದರು. ಶುರುಮಾಡಿದ್ದೇ ತಡ, ನಾಚಿಕೆ ಎಲ್ಲಿಗೋ ಹೋಯಿತು. ನನ್ನ ಕೆಲಸ ನನಗೆ ಇಷ್ಟು ಇಷ್ಟ ಅಂತ ನನಗೂ ಅವತ್ತೇ ಗೊತ್ತಾದದ್ದು.

ಹುದ್ದೆ ಸಿಕ್ಕಿತು. ಮೆಟ್ಟಿಲಿಳಿದು ಓಡಿದೆ. "ಅತ್ತೆ, ನಾನೆಲ್ಲೂ ಹೋಗಲ್ಲ!"

"ಒಳ್ಳೇದಾಯ್ತು ಬಿಡು" ಅಂದು ಒಲೆ ಕಡೆ ತಿರುಗಿದರು.

ಇಷ್ಟೇನಾ! ಮನಸ್ಸು ಪಿಚ್ಚೆಂದಿತು. ಮಹಡಿ ಹತ್ತಲು ಹೊರಟವಳು ಅರ್ಧಕ್ಕೇ ನಿಂತೆ. ಒಂದೇ ಮಾತಿಗೆ ಬಿಟ್ಟು ಹೊರಟು ನಾನೂ ಲ್ಯಾಪ್‌ಟಾಪಿನವರ ಜಾತಿಗೇ ಸೇರಿಬಿಟ್ಟೆನಲ್ಲ, ಶಿವನೇ! ವಾಪಸ್ ಬಂದು ಅವರ ಭುಜ ಹಿಡಿದೆ.

"ನಿಜ ಹೇಳಿ, ನಿಮಗೆ ಸಂತೋಷ ಆಯ್ತಾ?"

"ನಂದೇನೈತೆ..."

"ಊಹೂಂ, ಹೇಳ್ಲೇಬೇಕು."

ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀನು ಹೋಗ್ಬುಟ್ಟಿದ್ರೆ ನಾನು ಯಾರ್ ಜೊತೆ ಮಾತಾಡ್ಬೇಕಿತ್ತು ಕಣೇ? ಆ ನಿನ್ ಗಂಡ ಬಾಯಿ ಬಿಡ್ತಾನಾ?"