ಮೀಸೆ ಮೀನಿಗೆ ಏನು ಸೇರುತ್ತದೆ?

ಮೀನು ತಿನ್ನದವನಿಗೆ ಮೀನು ಏನು ತಿನ್ನುತ್ತದೆ ಎಂಬ ಚಿಂತೆ ಹತ್ತಿಕೊಂಡರೆ ಅದರಂಥ ಫಜೀತಿ ಇನ್ನೊಂದಿಲ್ಲ. ಹೋದ ತಿಂಗಳು ಒಂದಿಡೀ ವಾರ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ರಬಕವಿ ಪೇಟೆಯಲ್ಲಿ ನನ್ನದೊಂದು ಸೀರೆ ಅಂಗಡಿ. ಗಿರಾಕಿಗಳು ಮುಂದೆ ಕೂತು ‘ಸೆರಗ ಬಿಚ್ಚಿ ತೋರಸ್ರಿ’ ಎಂದರೆ, ನಾನು ಸೆರಗು ಬಿಚ್ಚುತ್ತಲೇ ಮೀಸೆ ಮೀನಿಗೆ ಇಂಗು ಸೇರುತ್ತದೋ ಬೆಳ್ಳುಳ್ಳಿ ಸೇರುತ್ತದೋ ಎಂದು ಲೆಕ್ಕ ಹಾಕುತ್ತಿದ್ದೆ. ನಮ್ಮದು ಹಳೆಯ ಶೈವರ ಮನೆ. ಮೀನು ದೂರದ ಮಾತು, ಮೊಟ್ಟೆ ಕೂಡ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಅಂಥವನು ಗಾಳಕ್ಕೆ ಎರೆ ಹುಡುಕುತ್ತ ಕೂತದ್ದಕ್ಕೆ ಕಾರಣ ನನ್ನ ಬೀಗರು.

ಮಗಳು ಸುಮಾಳನ್ನು ನಾವು ಗಲಗಲಿಗೆ ಕೊಟ್ಟಿದ್ದೇವೆ. ಕೊಟ್ಟಿದ್ದೇವೆ ಎನ್ನುವುದು ನಮ್ಮ ದೊಡ್ಡಸ್ತಿಕೆ. ಜಮಖಂಡಿಯ ಕಾಲೇಜಿನಲ್ಲಿ ಅವಳೂ ರಮೇಶನೂ ತಾವೇ ಎಲ್ಲ ಗೊತ್ತುಮಾಡಿಕೊಂಡು ಬಂದು ನಮಗೆ ತಿಳಿಸಿದರು. ನಾವು ಒಂದಷ್ಟು ದಿನ ಹಾರಾಡಿ, ಸುಸ್ತಾಗಿ, ಒಪ್ಪಿಕೊಂಡೆವು. ಬೀಗರಾದ ಯಮನಪ್ಪನವರು ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆಯುವವರು. ಆದಿತ್ಯವಾರ ಬಂತೆಂದರೆ ಅವರ ಕೈಯಲ್ಲಿ ಗಾಳದ ಕೋಲು. ಮೀನಿಲ್ಲದ ವಾರ ಅವರ ಮನೆಯಲ್ಲಿ ವಾರವೇ ಅಲ್ಲ.

ಬೀಗರು ಒಳ್ಳೆಯವರು. ಆದರೆ ಮದುವೆಯಾದಂದಿನಿಂದ ಆ ಮನೆಯಲ್ಲಿ ನಾನಾಗಲಿ ನನ್ನ ಹೆಂಡತಿ ಗಿರಿಜಾ ಆಗಲಿ ಒಂದು ತುತ್ತು ಉಂಡಿರಲಿಲ್ಲ. ಹೋದಾಗಲೆಲ್ಲ ಬೀಗತಿ ಲಕ್ಷ್ಮವ್ವ ಬಾಗಿಲಲ್ಲೇ ‘ಊಟಾ ಆತ್ರಿ?’ ಎಂದು ಕೇಳುತ್ತಿದ್ದರು. ನಾವಿಬ್ಬರೂ ಒಂದೇ ಉಸಿರಿಗೆ ‘ಆತ್ರಿ, ಉಂಡ ಬಂದೇವಿ’ ಅನ್ನುತ್ತಿದ್ದೆವು. ಬೆಳಿಗ್ಗೆ ಎಂಟಕ್ಕೆ ಹೋದರೂ ಅದೇ ಉತ್ತರ. ಬೆಳಿಗ್ಗೆ ಎಂಟಕ್ಕೆ ಊಟ ಮುಗಿಸುವ ಜನ ಮುಧೋಳದಿಂದ ಬೀಳಗಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ, ಅದು ಅವರಿಗೆ ಗೊತ್ತು, ಅವರಿಗೆ ಗೊತ್ತೆಂದು ನಮಗೂ ಗೊತ್ತು. ಒಂದು ಬಾಳೆಹಣ್ಣು, ಅರ್ಧ ಕಪ್ ಚಹಾ, ಅಷ್ಟರಲ್ಲೇ ನಮ್ಮ ಬೀಗತನ ನಡೆದಿತ್ತು.

ಅದು ಕೆಟ್ಟದ್ದು ಬಸುರಿ ಸುಮಾಳ ಕುಬಸದ ದಿನ. ಕುಬಸ ತಮ್ಮ ಮನೆಯಲ್ಲೇ ಆಗಬೇಕೆಂದು ಬೀಗರು ಹಟ ಹಿಡಿದರು. ಲಕ್ಷ್ಮವ್ವ ಹೊಸ ಭಾಂಡೆ-ಪಾತ್ರೆ ತಂದು, ಹಿತ್ತಲಲ್ಲಿ ಬೇರೆ ಒಲೆ ಹೂಡಿ ಹೋಳಿಗೆಯ ಅಡಿಗೆ ಮಾಡಿಸಿದ್ದರು. ಎಲೆ ಹಾಕುವ ಹೊತ್ತಿಗೆ ಗಿರಿಜಾ ‘ನಂದು ಸೋಮವಾರದ ಉಪಾಸ ಐತ್ರಿ’ ಎಂದಳು. ಅಂದು ಗುರುವಾರ. ಗೋಡೆಯ ಮೇಲೆ ಕ್ಯಾಲೆಂಡರೂ ಇತ್ತು. ನಾನು ಹೊಟ್ಟೆ ಹಿಡಿದುಕೊಂಡು ಪಿತ್ತವೆಂದೆ. ಹಾಗೆಂದು ಹೊರಟು ಬಂದು, ಕಬ್ಬಿನ ಹೊಲದ ಮರೆಗೆ ಕಾರು ನಿಲ್ಲಿಸಿ, ಮನೆಯಿಂದ ತಂದ ಬುತ್ತಿ ಬಿಚ್ಚಿದೆವು. ಎರಡನೆಯ ರೊಟ್ಟಿ ಮುರಿಯುತ್ತಿದ್ದೆ, ಗಾಜಿನ ಹೊರಗೆ ಯಾರೋ ನಿಂತಂತಾಯಿತು. ನಾವು ಮರೆತುಬಂದ ಕುಬಸದ ಹರಿವಾಣ ಹಿಡಿದುಕೊಂಡು ಲಕ್ಷ್ಮವ್ವ ನಿಂತಿದ್ದರು. ಏದುಸಿರು ಬಿಡುತ್ತಿದ್ದರು, ಓಡುತ್ತ ಬಂದಿರಬೇಕು. ನನ್ನ ಬಾಯಿ ತುಂಬ ರೊಟ್ಟಿ. ಅವರು ಹರಿವಾಣವನ್ನು ಕಿಟಕಿಯಿಂದ ಒಳಗೆ ಕೊಟ್ಟು, ತಿರುಗಿ ನಡೆದುಬಿಟ್ಟರು.

ಮರುವಾರ ಸುಮಾಳ ಫೋನು ಬಂತು. ‘ಅಪ್ಪಾ, ಅತ್ತಿ ನನ್ನ ಕಳಸೂದಿಲ್ಲಂತ. ಹಡ್ಯೂದು ಇಲ್ಲೇ ಅಂತ.’ ಅವಳ ದನಿ ಸಣ್ಣದಾಗಿತ್ತು. ಗಿರಿಜಾ ಒಳಗೆ ಬಾಣಂತಿ ಕೋಣೆಗೆ ಹೊಸ ಬಲ್ಬು ಹಾಕಿಸುತ್ತಿದ್ದಳು. ಸುದ್ದಿ ಕೇಳಿ ಸ್ಟೂಲಿನ ಮೇಲೆ ಹಾಗೇ ಕೂತಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಅವಳಿಗೆ ಬರೀ ಪದ್ಧತಿಯಲ್ಲ. ತನ್ನ ತವರು ಲೋಕಾಪುರದಲ್ಲಿ ಸುಮಾಳನ್ನು ಹಡೆದಾಗ ಅವಳ ತಾಯಿ ಇರುಳೆಲ್ಲ ಕಾಲೊತ್ತಿದ್ದನ್ನು ಈಗಲೂ ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ. ಆ ಕಾಲೊತ್ತುವ ಹಕ್ಕು ತನ್ನ ಕೈತಪ್ಪಿತಲ್ಲ ಎಂದು ಅವಳ ಸಂಕಟ. ಏಳನೆಯ ತಿಂಗಳು ಮುಗಿಯುತ್ತ ಬಂದಿತ್ತು. ಎಂಟರಲ್ಲಿ ನಮ್ಮ ಕಡೆ ಬಸುರಿಯನ್ನು ಕಳಿಸುವುದಿಲ್ಲ, ಒಂಬತ್ತರಲ್ಲಿ ಆ ರಸ್ತೆಯ ಕುಲುಕಾಟ ಬೇಡವೆಂದು ಡಾಕ್ಟರು ಮೊದಲೇ ಹೇಳಿದ್ದರು. ಅಂದರೆ ಕರೆತರುವುದಾದರೆ ಈ ವಾರ, ಇಲ್ಲದಿದ್ದರೆ ಇಲ್ಲ.

ನಾನು ಬೀಗರಿಗೆ ಫೋನು ಮಾಡಿ ‘ಬಂದು ಒಂದೀಟ ಮಾತಾಡಬೇಕಿತ್ರಿ’ ಎಂದೆ.

‘ಆದಿತವಾರ ಹೊಳಿಗೆ ಬರ್ರಿ ಬೀಗರ. ಗಾಳ ಹಾಕ್ಕೋತ ಮಾತಾಡೂಣು,’ ಎಂದರು ಯಮನಪ್ಪ. ಸ್ವಲ್ಪ ತಡೆದು, ‘ಎರಿ ಮಾತ್ರ ನಿಮ್ದು ನೀವ ತರ್ರಿ. ನಮ್ದು ನೀವು ಮುಟ್ಟಂಗಿಲ್ಲಲ್ಲ,’ ಎಂದರು.

ಅದು ಚೇಷ್ಟೆಯೋ ಚುಚ್ಚುಮಾತೋ ತಿಳಿಯದೆ ನಾನು ಫೋನು ಹಿಡಿದುಕೊಂಡೇ ನಿಂತೆ. ಎರೆ ಸರಿಹೋದರೆ ಮಾತು ಸರಿಹೋದೀತು ಎಂಬ ಮೂಢನಂಬಿಕೆ ಆ ಗಳಿಗೆಯಲ್ಲೇ ನನ್ನೊಳಗೆ ಹೊಕ್ಕಿತು.

ಆ ವಾರ ನಾನು ಪಡೆದ ವಿದ್ಯೆ ಕಾಲೇಜಿನಲ್ಲಿ ಪಡೆದದ್ದಕ್ಕಿಂತ ಹೆಚ್ಚು. ಚಿಮ್ಮಡದಲ್ಲಿರುವ ನನ್ನ ಷಡ್ಡಕ, ಅವನೂ ನನ್ನಷ್ಟೇ ಶಾಕಾಹಾರಿ, ಬಟ್ಟೆ ಸೋಪಿನ ತುಂಡು ಸಿಕ್ಕಿಸು ಎಂದ. ನಾನು ನಕ್ಕೆ, ಆಮೇಲೆ ಮೊಬೈಲಿನಲ್ಲಿ ನೋಡಿದರೆ ಪರದೇಶದ ಜನ ಖರೆಯೇ ಸೋಪು ಸಿಕ್ಕಿಸಿ ಮೀಸೆ ಮೀನು ಹಿಡಿಯುತ್ತಿದ್ದರು. ಹಿಂದಿನ ಅರಸರು ಗಾಳ ಹಾಕುವುದನ್ನೂ ಒಂದು ವಿನೋದವೆಂದು ಬಗೆದು, ಯಾವ ಮೀನಿಗೆ ಯಾವ ಹಿಟ್ಟು ಎಂದು ಬರೆಸಿಟ್ಟಿದ್ದರಂತೆ. ಅವರಿಗೇನು, ಮೀನು ಬೀಳದಿದ್ದರೆ ಮಗಳು ಮನೆಗೆ ಬರುವುದಿಲ್ಲ ಎಂಬ ಭಯವಿರಲಿಲ್ಲ. ಎಲ್ಲಕ್ಕಿಂತ ಬೆರಗಿನ ಸಂಗತಿಯೆಂದರೆ ಮೀಸೆ ಮೀನು ಬಾಯಿಂದ ಅಷ್ಟೇ ಅಲ್ಲ, ಮೀಸೆಯಿಂದಲೂ ಮೈಯ ಚರ್ಮದಿಂದಲೂ ರುಚಿ ನೋಡುತ್ತದಂತೆ. ರಾಡಿ ನೀರಿನಲ್ಲಿ ಕಣ್ಣು ಕಾಣದಿದ್ದರೂ, ಅತ್ತ ಯಾರೋ ಏನೋ ತಂದಿದ್ದಾರೆ ಎಂಬುದು ಅದರ ಮೈಗೇ ತಿಳಿಯುತ್ತದೆ. ಅಂಥ ಜೀವ ಉಪವಾಸದ ಸುಳ್ಳನ್ನು ಎಷ್ಟು ದೂರದಿಂದ ಹಿಡಿದೀತು ಎಂದುಕೊಂಡು ನನಗೆ ಬೆವರು ಬಂತು.

ಅಂಗಡಿಯಲ್ಲಿ ನಾನು ಆಳುಗಳಿಗೆ ಹೇಳುವ ಮೊದಲ ಮಾತು, ಗಿರಾಕಿಗೆ ಏನು ಬೇಕೆಂದು ಕೇಳದೆ ಗಂಟು ಬಿಚ್ಚಬೇಡಿ ಎಂದು. ಕಪಾಟಿನಲ್ಲಿ ಏನು ಕೊಳೆಯುತ್ತಿದೆಯೋ ಅದನ್ನೇ ಮೊದಲು ತೋರಿಸುವುದು ಅಂಗಡಿಕಾರನ ಹುಟ್ಟುಗುಣ. ನಾನೂ ಅದನ್ನೇ ಮಾಡಿದೆ. ಮೀನಿಗೆ ಏನು ಬೇಕೆಂದು ಇಷ್ಟೆಲ್ಲ ತಿಳಿದ ಮೇಲೆಯೂ, ಹುಳ ಮುಟ್ಟಲಾರೆ, ಕೋಳಿಯ ಕರುಳು ನೋಡಲಾರೆ ಎಂದು, ಮನೆಯಲ್ಲಿ ಇದ್ದ ಜೋಳದ ಹಿಟ್ಟಿಗೆ ಇಂಗು ಕಲಸಿ ಮುದ್ದೆ ಕಟ್ಟಿಕೊಂಡೆ.

ಆದಿತ್ಯವಾರ ಹೊರಡುವಾಗ ಗಿರಿಜಾ ಬುತ್ತಿ ಕೈಗಿಟ್ಟಳು. ರೊಟ್ಟಿ, ಝುಣಕ, ಬೆಳ್ಳುಳ್ಳಿ ಖಾರ, ಸಣ್ಣ ಡಬ್ಬಿಯಲ್ಲಿ ಮೊಸರು. ‘ಹೊಳಿ ದಂಡಿಗೇ ಕೂತು ಉಣ್ರಿ. ಅವರ ಮುಂದ ಹಸದ ಮಾರಿ ಮಾಡಬ್ಯಾಡ್ರಿ,’ ಎಂದಳು. ಬಾಗಿಲವರೆಗೆ ಬಂದು, ‘ಹೂಂ ಅನಿಸ್ಕೊಂಡ ಬರ್ರಿ,’ ಎಂದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಹೊಳೆ ತುಂಬಿತ್ತು. ಯಮನಪ್ಪ ಆಗಲೇ ಬಂದು ಕೂತಿದ್ದರು. ನನ್ನನ್ನು ನೋಡಿ ತಮ್ಮ ಎರೆಯ ಡಬ್ಬಿಯ ಮೇಲೆ ಕಬ್ಬಿನ ಒಣ ಗರಿ ಮುಚ್ಚಿದರು. ನನಗೊಂದು ಕೋಲು ಕೊಟ್ಟು, ‘ನೀರಿಗೆ ಭಾಳ ಹತ್ತರ ಹೋಗಬ್ಯಾಡ್ರಿ, ಮೊಸಳಿ ಅದಾವ,’ ಎಂದರು. ಆಮೇಲೆ ಮಾತೇ ಇಲ್ಲ.

ಗಾಳ ಹಾಕುತ್ತ ಮಾತಾಡೋಣ ಎಂದ ಮನುಷ್ಯ ಗಾಳ ಹಾಕಿದ ಮೇಲೆ ಬಾಯಿ ಬಿಡುವುದಿಲ್ಲ ಎಂದು ನನಗೇನು ಗೊತ್ತು? ನಾನು ಗಂಟಲು ಸರಿಮಾಡಿಕೊಂಡು ‘ಬೀಗರ, ಸುಮಾನ ವಿಷಯ’ ಎನ್ನುವಷ್ಟರಲ್ಲಿ ಅವರು ಬೆರಳು ಎತ್ತಿ ‘ಶ್’ ಎಂದರು. ಮೀನಿಗೆ ಕೇಳುತ್ತದಂತೆ. ನನ್ನ ಇಂಗಿನ ಮುದ್ದೆ ನೀರಿಗೆ ಬಿದ್ದ ಕೂಡಲೇ ಕರಗಿ ಹೋಯಿತು. ಮತ್ತೊಂದು ಸಿಕ್ಕಿಸಿದೆ, ಅದೂ ಹೋಯಿತು. ಮುದ್ದೆ ಮುಗಿಯಿತು. ಅತ್ತ ಯಮನಪ್ಪ ಒಂದನ್ನು ಎಳೆದು ಹಾಕಿದರು. ಅದು ಮೀಸೆ ತಿರುವುತ್ತ ಬುಟ್ಟಿಯಲ್ಲಿ ಹೊರಳಾಡಿತು. ಬಿಸಿಲು ಏರುತ್ತಿತ್ತು. ನನ್ನ ಗಾಳದ ಬೆಂಡು ನೀರಿನ ಮೇಲೆ ಅಲುಗದೆ ಕೂತಿತ್ತು. ಒಂದು ಮೀನಾದರೂ ಬಿದ್ದರೆ ಬೀಗರು ನಕ್ಕಾರು, ನಕ್ಕರೆ ಬಾಯಿ ಬಿಟ್ಟಾರು, ಆಗ ಕೇಳಿಬಿಡಬಹುದು.

ಬುತ್ತಿ ಬಿಚ್ಚಿದೆ. ಝುಣಕದ ತುಂಡು ಸಿಕ್ಕಿಸಿದೆ, ಪುಡಿಯಾಯಿತು. ರೊಟ್ಟಿಯನ್ನು ನೆನೆಸಿ, ಖಾರ ಹಚ್ಚಿ, ಒತ್ತಿ ಒತ್ತಿ ಸಿಕ್ಕಿಸಿದೆ. ಗಾಳ ಎತ್ತಿದಾಗಲೆಲ್ಲ ಕೊಕ್ಕೆ ಬರಿದಾಗಿ ಹೊಳೆಯುತ್ತಿತ್ತು. ಯಾವುದೋ ಕಿರಿಮೀನುಗಳು ನನ್ನ ಹೆಂಡತಿಯ ಕೈರುಚಿಯನ್ನು ಪುಕ್ಕಟೆ ಸವಿಯುತ್ತಿದ್ದವು. ಜೂಜಿಗೆ ಕೂತವನ ಹಾಗೆ ಇದೊಂದು, ಇನ್ನೊಂದು ಎನ್ನುತ್ತ ಕೊನೆಯ ರೊಟ್ಟಿಯವರೆಗೆ ಬಂದೆ. ಮೊಸರನ್ನು ಗಾಳಕ್ಕೆ ಸಿಕ್ಕಿಸುವ ಉಪಾಯ ಹೊಳೆಯಲಿಲ್ಲ, ಅದನ್ನು ಕುಡಿದುಬಿಟ್ಟೆ.

ಮಧ್ಯಾಹ್ನವಾಯಿತು. ಕಬ್ಬಿನ ಸಾಲಿನ ನಡುವಿನಿಂದ ಲಕ್ಷ್ಮವ್ವ ಬುಟ್ಟಿ ಹೊತ್ತು ಬಂದರು. ಹಿಂದೆ ಸುಮಾ, ಸೊಂಟದ ಮೇಲೆ ಕೈಯಿಟ್ಟುಕೊಂಡು, ನಿಧಾನವಾಗಿ.  ಅವಳು ನನ್ನನ್ನೂ ಮಾವನನ್ನೂ ನೋಡಿದಳು. ಮಾತು ಇನ್ನೂ ಆಗಿಲ್ಲ ಎಂಬುದು ಅವಳಿಗೆ ತಿಳಿದುಹೋಯಿತು. ಲಕ್ಷ್ಮವ್ವ ಗಂಡನ ಮುಂದೆ ತಾಟು ಇಟ್ಟರು. ಈ ಸಲ ನನಗೆ ‘ಊಟಾ ಆತ್ರಿ?’ ಎಂದು ಕೇಳಲಿಲ್ಲ. ಕೇಳಿ ಕೇಳಿ ಬಿಟ್ಟಿದ್ದರು. ಅವರು ಕೇಳದೆ ಇದ್ದದ್ದು ನನಗೆ ಕಾರಿನ ಗಾಜಿನ ಹೊರಗೆ ಅವರು ನಿಂತದ್ದಕ್ಕಿಂತ ಹೆಚ್ಚು ನೋವು ಮಾಡಿತು. ಅಷ್ಟರಲ್ಲಿ ನನ್ನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ ಎಂದಿತು. ಸುಮಾ ತಲೆ ತಗ್ಗಿಸಿದಳು. ಯಮನಪ್ಪ ಹೊಳೆಯ ಕಡೆ ತಿರುಗಿದರು.

‘ಬೀಗತಿ, ನನಗೂ ಒಂದ ರೊಟ್ಟಿ ಹಾಕ್ರಿ,’ ಎಂದೆ.

ಲಕ್ಷ್ಮವ್ವ ಅಲ್ಲಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ನಾನೇ ತಾಟಿನತ್ತ ಕೈಚಾಚಿದೆ. ಅವರು ತಟ್ಟನೆ ತಾಟನ್ನು ಹಿಂದಕ್ಕೆ ಎಳೆದುಕೊಂಡರು.

‘ಇದು ಬ್ಯಾಡ್ರಿ, ಇದು ಅವರ ತಾಟು,’ ಎಂದು ಬುಟ್ಟಿಯ ತಳದಿಂದ ಇನ್ನೊಂದು ಡಬ್ಬಿ ತೆಗೆದರು. ‘ನಿಮ್ಮದು ಬ್ಯಾರೆ ಐತಿ. ಕುಬಸದ ದಿನಾ ತಂದ ಹೊಸಾ ಭಾಂಡೇದಾಗ ಮಾಡೇನಿ. ಅವತ್ತಿಂದ ಅದಕ್ಕ ಮೀನ ಮುಟ್ಟಿಸಿಲ್ಲ. ನೀವು ಉಣ್ರಿ ಬಿಡ್ರಿ, ಮಾಡಿ ತರೂದು ನನ್ನ ಧರ್ಮ.’

ಬದನೆಕಾಯಿಯ ಎಣ್ಣೆಗಾಯಿ, ಬಿಸಿ ರೊಟ್ಟಿ. ನಾನು ಉಂಡೆ. ಕಣ್ಣಲ್ಲಿ ನೀರು ಬಂತು, ಖಾರ ಎಂದೆ. ಅದು ಅಷ್ಟೇನೂ ಖಾರವಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎರಡನೆಯ ರೊಟ್ಟಿಯನ್ನು ಕೇಳದೆಯೇ ಹಾಕಿದರು, ಮೂರನೆಯದನ್ನು ನಾನೇ ಕೇಳಿದೆ. ಕೈ ತೊಳೆಯುವವರೆಗೂ ಮಗಳ ಮಾತು ಎತ್ತುವುದು ನನಗೆ ಮರೆತೇಹೋಗಿತ್ತು.

ಎತ್ತಿದವರು ಯಮನಪ್ಪ. ‘ಬುಧವಾರ ದಿನಾ ಛಲೋ ಐತಂತ್ರಿ ಬೀಗರ,’ ಎಂದರು, ಬೆಂಡಿನ ಮೇಲಿನ ಕಣ್ಣು ತೆಗೆಯದೆ. ‘ಬಂದು ಕರ್ಕೊಂಡ ಹೋಗ್ರಿ. ಗಾಡಿ ಸಾವಕಾಶ ಹೊಡೀರಿ.’

ಸುಮಾ ಅತ್ತೆಯ ಮುಖ ನೋಡಿದಳು. ಲಕ್ಷ್ಮವ್ವ ಉಳಿದ ಎಣ್ಣೆಗಾಯಿಯ ಮೇಲೆ ಮುಚ್ಚಳ ಒತ್ತಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ‘ಕೂಸಿನ ನೋಡಾಕ ನಾ ಬರಾಕಿ. ಉಂಡ ಬಂದೇನಿ ಅನ್ನೂದಿಲ್ಲ ನಾ, ನಿಮ್ಮಲ್ಲೇ ಉಣ್ಣಾಕಿ,’ ಎಂದರು.

ಆ ದಿನ ನನ್ನ ಎರೆಗೆ ಒಂದು ಮೀನೂ ಬೀಳಲಿಲ್ಲ. ಬೀಗರು ನನ್ನನ್ನು ಹೊಳೆಗೇ ಯಾಕೆ ಕರೆದರು, ಹಸಿವಾಗುವ ತನಕ ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನು ಜಮಖಂಡಿಯ ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಯೋಚನೆ ಮುಗಿಯುವ ಹೊತ್ತಿಗೆ ಪಕ್ಕದ ಸೀಟಿನ ಮೇಲಿದ್ದ ಡಬ್ಬಿಯ ಕಡೆ ಕಣ್ಣು ಹೋಗಿ, ಇದನ್ನು ಗಿರಿಜಾಳ ಮುಂದೆ ಹೇಗೆ ಇಡಲಿ ಎಂಬ ಹೊಸ ದಿಗಿಲು ಶುರುವಾಯಿತು.

ಬುಧವಾರ ಎಂದ ಕೂಡಲೇ ಗಿರಿಜಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಆಮೇಲೆ ಡಬ್ಬಿ ಕಂಡಿತು. ‘ಇದ್ಯಾರದರಿ?’

‘ಬುತ್ತಿ ಮೀನ ತಿಂದ್ವು. ನಾ ಬೀಗತಿ ಮಾಡಿದ್ದು ಉಂಡೆ.’

ಅವಳು ಮುಚ್ಚಳ ತೆಗೆಯುವವರೆಗೂ ನಾನು ಉಸಿರು ಹಿಡಿದಿದ್ದೆ. ಹೊಳೆಯ ಮೊಸಳೆಗೂ ಅಷ್ಟು ಅಂಜಿರಲಿಲ್ಲ. ಅವಳು ಮೂಸಿದಳು. ಬೆರಳ ತುದಿಗೆ ಹತ್ತಿದ ಎಣ್ಣೆಯನ್ನು ಸ್ವಲ್ಪ ಹೊತ್ತು ನೋಡಿದಳು, ನಾಲಿಗೆಗೆ ಹಚ್ಚಿದಳು. ‘ಗುರೆಳ್ಳ ಜಾಸ್ತಿ ಹಾಕ್ಯಾರ,’ ಎಂದಳು. ಇನ್ನೊಮ್ಮೆ ಬೆರಳು ಅದ್ದಿದಳು. ‘ಛಲೋ ಆಗೇತಿ.’

ಡಬ್ಬಿ ಖಾಲಿಯಾಯಿತು. ತೊಳೆದು ಒರೆಸಿದಳು. ಬೀಗರ ಡಬ್ಬಿಯನ್ನು ಬರಿದು ಕಳಿಸುವ ರೂಢಿ ನಮ್ಮಲ್ಲಿಲ್ಲ. ಅಡಿಗೆಮನೆಯ ಗೋಡೆಯ ಮಾಡದ ಮುಂದೆ ನಿಂತು ಶೇಂಗಾ ಉಂಡೆ ಕೆಳಗಿಳಿಸಿದಳು, ಮತ್ತೆ ಮೇಲಿಟ್ಟಳು. ಕರ್ಚಿಕಾಯಿ ಇಳಿಸಿದಳು, ಅದನ್ನೂ ಇಟ್ಟಳು. ‘ರೀ, ಅವರಿಗೆ ಏನ ಸೇರತೈತ್ರಿ?’ ಎಂದಳು.

ನನಗೆ ಗೊತ್ತಿರಲಿಲ್ಲ. ಮೀನಿಗೆ ಏನು ಸೇರುತ್ತದೆಂದು ಚಿಮ್ಮಡದಿಂದ ಪರದೇಶದವರೆಗೆ ಕೇಳಿದವನು, ಬೀಗತಿಗೆ ಏನು ಸೇರುತ್ತದೆಂದು ಅವತ್ತಿನವರೆಗೆ ಯಾರನ್ನೂ ಕೇಳಿರಲಿಲ್ಲ. ‘ಫೋನ ಹಚ್ಚಿ ಕೇಳು,’ ಎಂದೆ. ‘ಸುಮಾಗ?’ ಎಂದಳು. ‘ಅಲ್ಲ, ಅವರಿಗೇ.’

ಗಿರಿಜಾ ಸೆರಗಿಗೆ ಕೈ ಒರೆಸಿಕೊಂಡು ಫೋನು ಹಚ್ಚಿದಳು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು. ಅವಳು ಒಮ್ಮೆ ನನ್ನ ಮುಖ ನೋಡಿದಳು, ಇಟ್ಟುಬಿಡುತ್ತಾಳೇನೋ ಅನ್ನಿಸಿತು. ಅಷ್ಟರಲ್ಲಿ ಲಕ್ಷ್ಮವ್ವನ ದನಿ ಕೇಳಿಸಿತು.

‘ನಾನ್ರೀ ಅಕ್ಕಾರ, ರಬಕವಿಯಿಂದ ಗಿರಿಜಾ,’ ಎಂದಳು.  ‘ಊಟಾ ಆತ್ರಿ?’