ವೀಸಾ ಮುಗಿದು ಹತ್ತೊಂಬತ್ತು ದಿನ

ಫ್ರೆಂಡ್ಸ್, ಇವತ್ತು ಬೆಳಿಗ್ಗೆಯಿಂದ ನಾನೂ ನನ್ನ ಹೆಂಡತಿ ಮಾರಿಸೆಲ್ಲೂ ವಿದೇಶಿಯರ ನೋಂದಣಿ ಕಚೇರಿಯ ಬೆಂಚಿನಲ್ಲೇ ಕೂತಿದ್ದೆವು. ಫಿಲಿಪೀನ್ಸ್‌ನವಳಾದ ಅವಳ ವೀಸಾ ಮುಗಿದು ಹತ್ತೊಂಬತ್ತು ದಿನ ಆಗಿದೆ ಅಂತ ಗೊತ್ತಾದದ್ದೇ ನಿನ್ನೆ, ಅವಳ ಊರಿಗೆ ಟಿಕೆಟ್ ಮಾಡುವಾಗ. ಸೋಮವಾರ ಅವಳ ಅಪ್ಪನಿಗೆ ಹಾರ್ಟ್ ಆಪರೇಷನ್ ಉಂಟು. ಎಕ್ಸಿಟ್ ಪರ್ಮಿಟ್ ಇಲ್ಲದೆ ಅವಳು ದೇಶ ಬಿಡುವ ಹಾಗಿಲ್ಲ.

"ತಾರೀಕು ನೋಡ್ಲಿಲ್ವಾ ಮೇಡಂ?" ಅಧಿಕಾರಿ ಕೇಳಿದರು.

ಮಾರಿಸೆಲ್ ತನಗೆ ಬರುವ ಕನ್ನಡದಲ್ಲೇ ಹೇಳಿದಳು. "ಅತ್ತೆ ಬಾತ್‌ರೂಮಲ್ಲಿ ಬಿದ್ದರು ಸರ್, ಸೊಂಟದ ಮೂಳೆ ಮುರೀತು. ಎರಡು ತಿಂಗಳಿಂದ ಸ್ನಾನ, ಊಟ, ಮದ್ದು ಎಲ್ಲ ನಾನೇ. ತಾರೀಕು ಮರೆತುಹೋಯ್ತು."

ಅವರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೀವು ಎಲ್ಲಿದ್ರಿ? ಗಲ್ಫಲ್ಲಾ?"

"ಇಲ್ಲ ಸರ್. ಇದೇ ಊರಲ್ಲಿ, ಬಲ್ಮಠದ ಮನೆಯಲ್ಲೇ."

"ಹಾಗಾದ್ರೆ ತಡ ಆದದ್ದು ಯಾಕೆ ಅಂತ ನೀವೇ ಬರೆದು ಕೊಡಿ ಮಾರಾಯ್ರೆ."

ಆ ಪತ್ರವನ್ನು ಮೂರು ಸಲ ಹರಿದು ನಾಲ್ಕನೇ ಸಲ ಬರೆದುಕೊಟ್ಟೆ. ಶುಕ್ರವಾರ ಪರ್ಮಿಟ್ ಸಿಗಬಹುದಂತೆ. ವಾಪಸ್ ಬರುವಾಗ ರಿಕ್ಷಾದಲ್ಲಿ ಅವಳು ನನ್ನ ಅಮ್ಮನ ಮಾತ್ರೆಗಳ ಹೆಸರು ಒಂದೊಂದಾಗಿ ಹೇಳಿಕೊಟ್ಟಳು. ನನಗೆ ಒಂದೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಹುಟ್ಟಿದಾಗಿನಿಂದ ಇರುವವ ನಾನು, ಅದೂ ಯಾವ ವೀಸಾದ ಹಂಗೂ ಇಲ್ಲದೆ.